ಚಾಡಿ ಮಾತಿಗೆ ಕಿವಿಗೊಡುವವರಿಗೆ: ಕೋಲಾರ ಜಿಲ್ಲೆಯ ಕ್ರೈಸ್ತ ಸಭೆಗಳಿಗೆ ಒಂದು ಬಹಿರಂಗ ಪತ್ರ

ಕೋಲಾರ, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್‌ನ ಸಭಾಪಾಲಕರಿಗೆ, ಸಭಾ ಸಮಿತಿಗಳ ಹಿರಿಯರಿಗೆ, ಭಾನುವಾರ ನನ್ನ ಪಕ್ಕದಲ್ಲಿ ಕೂತು ಹಾಡುವ ಅಣ್ಣಂದಿರಿಗೆ, ಅಕ್ಕಂದಿರಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ನಮ್ಮಲ್ಲಿ ಒಬ್ಬರ ಮೇಲೊಬ್ಬರು ಇಲ್ಲದ್ದು ಹೇಳುವುದು ಜಾಸ್ತಿಯಾಗಿದೆ. ಇದನ್ನು ಸಭೆಯ ಒಳಗೇ ಇಟ್ಟುಕೊಳ್ಳೋಣ ಅಂತ ಕೆಲವರು ನನಗೆ ಹೇಳಿದರು. ಆದರೆ ಮಾತು ಸಭೆಯ ಒಳಗೆ ಉಳಿದಿಲ್ಲ. ಮದುವೆ ಮನೆಗೆ ಹೋಗಿದೆ, ಶಾಲೆಯ ಸ್ಟಾಫ್ ರೂಮಿಗೆ ಹೋಗಿದೆ, ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿಗೂ ಹತ್ತಿದೆ. ಬಂಗಾರಪೇಟೆಯಲ್ಲಿ 'ಹಂಗಂತೆ' ಅಂತ ಶುರುವಾದ ಮಾತು ಕಂಟೋನ್ಮೆಂಟ್‌ನಲ್ಲಿ ಇಳಿಯುವಷ್ಟರಲ್ಲಿ 'ನಾನೇ ಕಣ್ಣಾರೆ ನೋಡಿದೆ' ಆಗಿರುತ್ತದೆ. ಅದಕ್ಕೇ ಈ ಪತ್ರವನ್ನೂ ಎಲ್ಲರ ಎದುರೇ ಬರೆಯುತ್ತಿದ್ದೇನೆ.

ಕುಡಿತದ ಬಗ್ಗೆ, ಜೂಜಿನ ಬಗ್ಗೆ, ವ್ಯಭಿಚಾರದ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇವೆ. ಕುಡಿದು ಬಂದವನನ್ನು ಬಾಗಿಲಲ್ಲೇ ತಡೆಯುತ್ತೇವೆ. ಇನ್ನೊಬ್ಬರ ಮಾನ ತೆಗೆದು ಬಂದವರಿಗೆ ಮಾತ್ರ ಮುಂದಿನ ಬೆಂಚಿನಲ್ಲಿ ಜಾಗ ಬಿಡುತ್ತೇವೆ. ಬೈಬಲಿನ ಜ್ಞಾನೋಕ್ತಿ 6ನೇ ಅಧ್ಯಾಯ ತೆಗೆದು ನೋಡಿ. ದೇವರು ಹಗೆ ಮಾಡುವ ಏಳು ಸಂಗತಿ ಅಲ್ಲಿವೆ. ಸುಳ್ಳಾಡುವ ನಾಲಿಗೆ ಅದರಲ್ಲಿದೆ, ಸುಳ್ಳುಸಾಕ್ಷಿ ಇದೆ, ಅಣ್ಣತಮ್ಮಂದಿರ ನಡುವೆ ಜಗಳ ಬಿತ್ತುವವನು ಇದ್ದಾನೆ. ಏಳರಲ್ಲಿ ಮೂರು ಬಾಯಿಗೆ ಸೇರಿದವು. ಅದರಲ್ಲಿ ಕುಡಿತದ ಹೆಸರಿಲ್ಲ. ಕುಡಿತ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಬೇರೆ ಕಡೆ ಅದಕ್ಕೂ ಎಚ್ಚರಿಕೆ ಇದೆ. ದೇವರು ಯಾವುದನ್ನು ಎಷ್ಟು ದೊಡ್ಡದಾಗಿ ನೋಡುತ್ತಾನೆ ಅನ್ನುವುದನ್ನು ನಾವು ಮರೆತಿದ್ದೇವೆ, ಅಷ್ಟೇ.

ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬಾರದು ಅನ್ನುವ ಆಜ್ಞೆ ನಮ್ಮ ಎಣಿಕೆಯಲ್ಲಿ ಒಂಬತ್ತನೆಯದು, ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು. ಇದು ಮೊದಲು ನ್ಯಾಯ ತೀರ್ಮಾನದ ಜಾಗಕ್ಕೆ ಹೇಳಿದ ಮಾತು. ಆ ಕಾಲದಲ್ಲಿ ಇಬ್ಬರು ಮೂವರು ಸಾಕ್ಷಿ ಹೇಳಿದರೆ ಒಬ್ಬ ಮನುಷ್ಯನ ಜೀವ ಹೋಗುತ್ತಿತ್ತು. ಅದಕ್ಕೇ ಧರ್ಮೋಪದೇಶಕಾಂಡ ಒಬ್ಬನ ಸಾಕ್ಷಿ ಸಾಲದು ಅನ್ನುತ್ತದೆ. ಸಾಕ್ಷಿ ಹೇಳಿದವನೇ ಮೊದಲ ಕಲ್ಲು ಎತ್ತಬೇಕು ಅನ್ನುತ್ತದೆ. ವಿಚಾರಿಸಿದಾಗ ಸುಳ್ಳು ಅಂತ ಗೊತ್ತಾದರೆ, ಅವನು ತನ್ನ ಸಹೋದರನಿಗೆ ಏನಾಗಬೇಕು ಅಂದುಕೊಂಡಿದ್ದನೋ ಅದನ್ನೇ ಅವನಿಗೆ ಮಾಡಬೇಕು ಅನ್ನುತ್ತದೆ. ನಮ್ಮ ಸಭೆಗಳಲ್ಲಿ ಇದರಲ್ಲಿ ಒಂದಾದರೂ ನಡೆಯುತ್ತಿದೆಯಾ? ಹೆಸರಿಲ್ಲದೆ ಮಾತು ಹುಟ್ಟುತ್ತದೆ, ಯಾರೂ ವಿಚಾರಿಸುವುದಿಲ್ಲ. ಸುಳ್ಳು ಅಂತ ಗೊತ್ತಾದ ಮೇಲೆ ಹೇಳಿದವರನ್ನು ಯಾರೂ ಕರೆದು ಕೇಳುವುದಿಲ್ಲ.

ಸುಳ್ಳು ಹುಟ್ಟಿಸುವವರ ಬಗ್ಗೆ ಹೇಳಲಿಕ್ಕೆ ಬಹಳ ಇದೆ. ಆದರೆ ನಾನು ಈ ಪತ್ರ ಬರೆಯುತ್ತಿರುವುದು ಹೆಚ್ಚಾಗಿ ಕೇಳುವವರಿಗೆ. ಯಾಕೆಂದರೆ ಕೇಳುವವರು ಸಿಗದಿದ್ದರೆ ಚಾಡಿ ಹೇಳುವವರ ಆಟ ನಡೆಯುವುದಿಲ್ಲ.

ದಾವೀದನ ಕಥೆಯಲ್ಲಿ ನಾವು ಭಾನುವಾರ ಶಾಲೆಯಲ್ಲಿ ಕಲಿಸದ ಒಂದು ಭಾಗ ಇದೆ. ಅವನ ಪ್ರಾಣಸ್ನೇಹಿತ ಯೋನಾತಾನನ ಮಗ ಮೆಫೀಬೋಶೆತ. ಐದು ವರ್ಷದವನಿದ್ದಾಗಲೇ ಬಿದ್ದು ಎರಡೂ ಕಾಲು ಕುಂಟಾಗಿದ್ದವು. ದಾವೀದ ಅವನನ್ನು ಕರೆಸಿ, ಅವನ ತಾತ, ಹಿಂದಿನ ಅರಸ ಸೌಲನ ಹೊಲಗದ್ದೆ ವಾಪಸ್ ಕೊಟ್ಟು, ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ. ಚೀಬ ಅನ್ನುವ ಆಳು ಆ ಹೊಲ ನೋಡಿಕೊಳ್ಳುತ್ತಿದ್ದ. ಮುಂದೆ ದಾವೀದನ ಮಗ ಅಬ್ಷಾಲೋಮ ದಂಗೆ ಎದ್ದು ದಾವೀದ ಊರು ಬಿಟ್ಟು ಓಡುತ್ತಿದ್ದಾಗ ಈ ಚೀಬ ಕತ್ತೆಗಳ ಮೇಲೆ ಇನ್ನೂರು ರೊಟ್ಟಿ, ಒಣದ್ರಾಕ್ಷಿ, ಹಣ್ಣು, ದ್ರಾಕ್ಷಾರಸ ಹೇರಿಕೊಂಡು ಬಂದ. 'ನಿನ್ನ ಯಜಮಾನನ ಮೊಮ್ಮಗ ಎಲ್ಲಿ?' ಅಂತ ದಾವೀದ ಕೇಳಿದ. 'ಅವನು ಯೆರೂಸಲೇಮಿನಲ್ಲೇ ಉಳಿದಿದ್ದಾನೆ, ತಾತನ ರಾಜ್ಯ ತನಗೆ ಸಿಗುತ್ತದೆ ಅಂತ ಕಾಯುತ್ತಿದ್ದಾನೆ' ಅಂದ ಚೀಬ. ದಾವೀದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಡುದಾರಿಯಲ್ಲಿ ನಿಂತೇ ಅಷ್ಟೂ ಆಸ್ತಿಯನ್ನು ಚೀಬನಿಗೆ ಕೊಟ್ಟುಬಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಅದೇ ಆಯಿತು.

ಆಮೇಲೆ ದಾವೀದ ಗೆದ್ದು ವಾಪಸ್ ಬಂದ. ಮೆಫೀಬೋಶೆತ ಎದುರುಗೊಳ್ಳಲು ಬಂದ. ಅರಸ ಹೋದ ದಿನದಿಂದ ಅವನು ಕಾಲು ತೊಳೆದಿರಲಿಲ್ಲ, ಗಡ್ಡ ಸರಿ ಮಾಡಿಕೊಂಡಿರಲಿಲ್ಲ, ಬಟ್ಟೆ ಒಗೆದಿರಲಿಲ್ಲ. 'ನಾನು ಕುಂಟ, ಕತ್ತೆ ಏರಿ ಬರಬೇಕು ಅಂತಿದ್ದೆ, ನನ್ನ ಆಳು ಮೋಸ ಮಾಡಿದ, ನಿನ್ನ ಹತ್ತಿರ ನನ್ನ ಮೇಲೆ ಚಾಡಿ ಹೇಳಿದ' ಅಂದ. ದಾವೀದ ಏನು ಮಾಡಿದ ಗೊತ್ತಾ? 'ಜಾಸ್ತಿ ಮಾತು ಬೇಡ, ನೀನೂ ಚೀಬನೂ ಹೊಲವನ್ನು ಹಂಚಿಕೊಳ್ಳಿ' ಅಂದ. ಎರಡನೇ ಸಮುವೇಲನ 16 ಮತ್ತು 19ನೇ ಅಧ್ಯಾಯದಲ್ಲಿ ಇದೆ, ಓದಿ ನೋಡಿ. ಸುಳ್ಳು ನಂಬಿದಾಗ ಪೂರ್ತಿ ಆಸ್ತಿ ಕಿತ್ತುಕೊಟ್ಟವನು, ನಿಜ ಎದುರು ಬಂದು ನಿಂತಾಗ ಅರ್ಧ ಮಾತ್ರ ಹಿಂದಕ್ಕೆ ಕೊಟ್ಟ. ಸುಳ್ಳು ಹೇಳಿದವನಿಗೆ ಇನ್ನರ್ಧ ಉಳಿಯಿತು. ದಾವೀದ ಕೆಟ್ಟ ಅರಸನಲ್ಲ. ಆದರೂ ಅವನು ಆತುರದಲ್ಲಿ ನಂಬಿದ್ದಕ್ಕೆ ಬೆಲೆ ತೆತ್ತಿದ್ದು ಕುಂಟ ಮೆಫೀಬೋಶೆತ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ.

ನಮ್ಮ ಸಭೆಗಳ ಸುಗ್ಗಿ ಹಬ್ಬದ ಹರಾಜು ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿ, ರಾಗಿ ಮೂಟೆ, 15 ಕೆಜಿಯ ಟೊಮೆಟೊ ಬಾಕ್ಸ್. ಕಾಣಿಕೆ ಅಂತ ಜನ ಪ್ರೀತಿಯಿಂದ ಕೂಗುತ್ತಾರೆ, ಒಂದು ಕುಂಬಳಕಾಯಿ ಸಾವಿರ ರೂಪಾಯಿಗೆ ಹೋಗುತ್ತದೆ. ದುಡ್ಡು ಅವತ್ತೇ ಬರುವುದಿಲ್ಲ. 'ಬರೆದುಕೊಳ್ಳಿ ಅಕ್ಕಾ, ಸಂಬಳ ಆದ ಮೇಲೆ ಕೊಡ್ತೀನಿ' ಅನ್ನುತ್ತಾರೆ. ಹರಾಜು ಮುಗಿದ ಕೂಡಲೇ ಒಟ್ಟು ಮೊತ್ತವನ್ನು ಮೈಕಿನಲ್ಲಿ ಹೇಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಬ್ಯಾಂಕಿಗೆ ಹೋಗುವ ದುಡ್ಡು ಅದಕ್ಕಿಂತ ಕಡಿಮೆ ಇರುತ್ತದೆ. ಆ ನಡುವಿನ ವ್ಯತ್ಯಾಸ ಅಂದರೆ ಬಾಕಿ.

ಒಂದು ಸಭೆಯಲ್ಲಿ ಆ ಬಾಕಿ ಪುಸ್ತಕ ಬರೆದವರು ಸ್ತ್ರೀಯರ ಅನ್ಯೋನ್ಯ ಕೂಟದ, ಅಂದರೆ ಸಭೆಯ ಹೆಂಗಸರ ಸಂಘದ, ಒಬ್ಬ ಅಕ್ಕ. ಮೈಕಿನಲ್ಲಿ ಹೇಳಿದ ಮೊತ್ತಕ್ಕೂ ಪಾಸ್‌ಬುಕ್ಕಿಗೂ ತಾಳೆ ಆಗುತ್ತಿಲ್ಲ ಅಂತ ಯಾರೋ ಅಂದರು. ಅದೇ ಹೊತ್ತಿಗೆ ಅವರ ಮನೆಗೆ ಹೊಸ ಫ್ರಿಜ್ ಬಂತು. ಬೆಂಗಳೂರಲ್ಲಿ ಕೆಲಸ ಮಾಡುವ ಮಗಳು ಕಂತಿನಲ್ಲಿ ಕೊಡಿಸಿದ್ದು. ಫ್ರಿಜ್ ಇಳಿಸುವುದನ್ನು ನೋಡಿದವರು ಎರಡನ್ನೂ ಸೇರಿಸಿದರು. ಆಮೇಲೆ ಮಾತು ನಿಲ್ಲಲಿಲ್ಲ. ನನಗೆ ತುಂಬಾ ನೋವಾಗಿದ್ದು ಏನೆಂದರೆ, ಜೋರಾಗಿ ಆಡಿಕೊಂಡವರಲ್ಲಿ ಕೆಲವರ ಹೆಸರು ಅದೇ ಬಾಕಿ ಪಟ್ಟಿಯಲ್ಲಿತ್ತು.

ಸಮಿತಿ ಲೆಕ್ಕ ತರಿಸಿ ನೋಡಿತು. ಒಂದೊಂದು ರೂಪಾಯಿಗೂ ರಸೀದಿ ಇತ್ತು. ಲೆಕ್ಕ ಸರಿಯಿದೆ ಅಂತ ನಡಾವಳಿ ಪುಸ್ತಕದಲ್ಲಿ ಬರೆದರು. ಅಲ್ಲಿಗೆ ಮುಗಿಸಿದರು. 'ಒಂದು ಭಾನುವಾರ ಎಲ್ಲರ ಎದುರು ಇಷ್ಟೇ ಹೇಳಿಬಿಡಿ ಅಯ್ಯನವರೇ' ಅಂತ ಆ ಅಕ್ಕ ಕೇಳಿಕೊಂಡರು. ಸಮಿತಿಯವರು 'ಬಿಡಿ ಅಮ್ಮ, ಸುಮ್ನೆ ಯಾಕೆ ದೊಡ್ಡದು ಮಾಡ್ತೀರಾ, ಕ್ಷಮಿಸಿಬಿಡಿ' ಅಂದರು. ಅವರ ಎರಡನೇ ಮಗಳಿಗೆ ಸಂಬಂಧ ನೋಡುವಾಗ ಗಂಡಿನ ಕಡೆಯವರು 'ಅದೇನೋ ಸಭೆ ದುಡ್ಡಿನ ವಿಷಯ ಇತ್ತಂತಲ್ಲ' ಅಂದರಂತೆ. ಆ ಸಂಬಂಧ ಮುರಿದುಹೋಯಿತು. ಈಗ ಅವರು ಎರಡು ಬಸ್ ಬದಲಾಯಿಸಿ ಬೇರೆ ಊರಿನ ಸಭೆಗೆ ಹೋಗುತ್ತಾರೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕ್ಷಮಿಸುವುದು ಆ ಅಕ್ಕನಿಗೆ ಬಿಟ್ಟಿದ್ದು, ಅವರು ಕ್ಷಮಿಸಿದ್ದಾರೆ ಕೂಡ. ಅವರ ಹೆಸರನ್ನು ಸರಿ ಮಾಡುವುದು ಸಮಿತಿಯ ಕೆಲಸ. ಅವರ ಕ್ಷಮೆಯನ್ನು ತೋರಿಸಿ ನಿಮ್ಮ ಕೆಲಸದಿಂದ ತಪ್ಪಿಸಿಕೊಳ್ಳಬಾರದು. ಸುಂಕ ವಸೂಲಿಯ ಜಕ್ಕಾಯ ಯೇಸುಸ್ವಾಮಿಯ ಎದುರು ನಿಂತು ಏನು ಹೇಳಿದ? ಅನ್ಯಾಯವಾಗಿ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಕಥೋಲಿಕ ಸಭೆಯ ಬೋಧನೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಒಬ್ಬರ ಹೆಸರು ಕೆಡಿಸಿದವರು ಪಾಪಕ್ಷಮೆ ಪಡೆದ ಮೇಲೂ ಆ ನಷ್ಟವನ್ನು ತುಂಬಿಕೊಡಬೇಕು. ನಾನು ಪ್ರಾಟೆಸ್ಟೆಂಟ್ ಸಭೆಯವಳು. ಈ ವಿಷಯದಲ್ಲಿ ಅವರಿಂದ ಕಲಿಯಬೇಕು ಅಂತ ಮನಸಾರೆ ಹೇಳುತ್ತೇನೆ. ಮಾರ್ಟಿನ್ ಲೂಥರ್ ಕೂಡ 1529ರಲ್ಲಿ ಮನೆಮಂದಿಗೆ ಅಂತ ಬರೆದ ಪ್ರಶ್ನೋತ್ತರದಲ್ಲಿ ಈ ಆಜ್ಞೆಗೆ ಅರ್ಥ ಹೇಳುವಾಗ ಸುಳ್ಳು ಹೇಳಬೇಡಿ ಅಂತ ಹೇಳಿ ನಿಲ್ಲಿಸಲಿಲ್ಲ. ನೆರೆಯವನ ಪರವಾಗಿ ಮಾತಾಡಿ, ಅವನ ಬಗ್ಗೆ ಒಳ್ಳೆಯದನ್ನು ಹೇಳಿ, ಅವನು ಮಾಡಿದ್ದಕ್ಕೆ ಆದಷ್ಟು ಒಳ್ಳೆಯ ಅರ್ಥ ಹಚ್ಚಿ ಅಂದ. ಆ ಲೆಕ್ಕ ನೋಡಿದ ಹಿರಿಯರೇ, ನಿಮಗೆ ನಿಜ ಗೊತ್ತಿತ್ತು. ನೀವು ಬಾಯಿ ಬಿಡಲಿಲ್ಲ.

'ಬೆಂಕಿ ಇಲ್ಲದೆ ಹೊಗೆ ಆಡುತ್ತಾ?' ಅಂತ ಕೇಳುವವರು ಇದ್ದಾರೆ. ಆಡುತ್ತದೆ. ನಾಬೋತನ ಕಥೆ ನೆನಪಿದೆಯಲ್ಲ? ಅರಸ ಅಹಾಬನಿಗೆ ಅರಮನೆ ಪಕ್ಕದ ದ್ರಾಕ್ಷಿ ತೋಟ ಬೇಕಿತ್ತು. ಪಿತ್ರಾರ್ಜಿತ ಭೂಮಿ ಕೊಡುವುದಿಲ್ಲ ಅಂದ ನಾಬೋತ. ಅಹಾಬನ ಹೆಂಡತಿ ಈಜೆಬೆಲ್ ಅರಸನ ಮುದ್ರೆ ಒತ್ತಿ ಊರಿನ ಹಿರಿಯರಿಗೆ ಕಾಗದ ಬರೆದಳು. ಉಪವಾಸ ಸಾರಿ, ನಾಬೋತನನ್ನು ಜನರ ಎದುರು ಕೂರಿಸಿ, ಇಬ್ಬರು ನೀಚರನ್ನು ಸಾಕ್ಷಿಗೆ ನಿಲ್ಲಿಸಿ ಅಂತ. ದೇವರನ್ನೂ ಅರಸನನ್ನೂ ಶಪಿಸಿದ ಅನ್ನುವುದು ಆರೋಪ. ಅವನನ್ನು ಊರ ಹೊರಗೆ ಕಲ್ಲೆಸೆದು ಕೊಂದರು. ಅಲ್ಲಿ ಬೆಂಕಿ ಎಲ್ಲಿತ್ತು? ಆ ಕಾಗದಕ್ಕೆ ಒಪ್ಪಿದವರು ಹೊರಗಿನವರಲ್ಲ, ನಾಬೋತನ ಊರಿನ ಹಿರಿಯರೇ. ಅದೂ ಉಪವಾಸದ ದಿನ.

ಪ್ರಾರ್ಥನೆಯ ಹೆಸರಲ್ಲಿ ಇವತ್ತಿಗೂ ಇದು ನಡೆಯುತ್ತದೆ. ಮನೆ ಪ್ರಾರ್ಥನೆ ಮುಗಿದು ಕಾಫಿ ಬರುವ ಹೊತ್ತಿಗೆ ಒಬ್ಬರು ದನಿ ತಗ್ಗಿಸುತ್ತಾರೆ. 'ಆ ಮನೆಯವರಿಗೋಸ್ಕರ ಪ್ರಾರ್ಥನೆ ಮಾಡಿ, ಗಂಡ ಹೆಂಡತಿ ಮಧ್ಯೆ ಏನೋ ಇದೆಯಂತೆ.' ಅದನ್ನು ಕೇಳಿದವರಲ್ಲಿ ಆ ಮನೆಗೆ ಹೋಗಿ ಬಾಗಿಲು ತಟ್ಟಿದವರು ಯಾರಿದ್ದಾರೆ? ಅವರ ಒಪ್ಪಿಗೆ ಕೇಳಿದವರು ಯಾರು? ಮರುದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರದ ಕೆಳಗೆ ಹೆಸರು ಬಂದಿರುತ್ತದೆ. ಅದೇ ನಾಲಿಗೆಯಿಂದ ದೇವರನ್ನು ಕೊಂಡಾಡುತ್ತೇವೆ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದವರನ್ನು ಶಪಿಸುತ್ತೇವೆ ಅಂತ ಯಾಕೋಬ ತನ್ನ ಪತ್ರದಲ್ಲಿ ಬರೆದ. ಹೀಗೆ ಆಗಕೂಡದು ಅಂತಲೂ ಬರೆದ.

ಇನ್ನೊಂದು ರೀತಿಯ ಸುಳ್ಳಿದೆ. ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದರಿಂದ ಅಪಾಯ ಜಾಸ್ತಿ. ಯೇಸುಸ್ವಾಮಿಯ ವಿಚಾರಣೆಯಲ್ಲಿ ಕೊನೆಗೆ ಬಂದ ಇಬ್ಬರು ಏನಂದರು? ದೇವಾಲಯವನ್ನು ನಾನು ಕೆಡವಿ ಮೂರು ದಿನದಲ್ಲಿ ಕಟ್ಟಬಲ್ಲೆ ಅಂತ ಇವನು ಹೇಳಿದ್ದಾನೆ ಅಂದರು. ಯೋಹಾನನ ಸುವಾರ್ತೆಯ 2ನೇ ಅಧ್ಯಾಯ ನೋಡಿ. ಅವನು ಹೇಳಿದ್ದು 'ನೀವು ಇದನ್ನು ಕೆಡವಿರಿ, ನಾನು ಎಬ್ಬಿಸುವೆನು' ಅಂತ. ತನ್ನ ದೇಹದ ಬಗ್ಗೆ ಹೇಳಿದ ಮಾತು ಅದು. ಕೆಡವುವವರು ಯಾರು ಅನ್ನುವುದನ್ನು ಅವರು ಬದಲಾಯಿಸಿದರು, ಉಳಿದ ಮಾತನ್ನು ಹಾಗೇ ಬಿಟ್ಟರು. ನಮ್ಮ ರಕ್ಷಕನನ್ನೇ ಇಂಥ ಸಾಕ್ಷಿಯ ನಡುವೆ ನಿಲ್ಲಿಸಿದರು. ಮೊದಲ ಸಭೆಯ ಸ್ತೆಫನನ ಮೇಲೂ ಜನರನ್ನು ಎತ್ತಿಕಟ್ಟಿ ಸುಳ್ಳು ಹೇಳಿಸಿದರು. ಕ್ರಿ.ಶ. 64ರಲ್ಲಿ ರೋಮ್ ಹೊತ್ತಿ ಉರಿದಾಗ ನೀರೋ ಆ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿದ. ಆಮೇಲೆ ಕ್ರೈಸ್ತರು ಶಿಶುಗಳನ್ನು ಕೊಂದು ತಿನ್ನುತ್ತಾರೆ ಅಂತಲೂ ಹಬ್ಬಿಸಿದರು.

ಹೀಗೆ ಸುಳ್ಳಿನ ಏಟು ತಿಂದವರೇ ಮುಂದೆ ಬೇರೆಯವರ ಮೇಲೆ ಅದನ್ನೇ ಬೀಸಿದರು. 1348ರಲ್ಲಿ ಯುರೋಪಿನಲ್ಲಿ ಪ್ಲೇಗ್ ಹರಡಿದಾಗ ಯೆಹೂದ್ಯರು ಬಾವಿಗೆ ವಿಷ ಹಾಕಿದ್ದಾರೆ ಅಂತ ಕ್ರೈಸ್ತರೇ ಹಬ್ಬಿಸಿದರು. ಯೆಹೂದ್ಯರೂ ಅದೇ ರೋಗದಿಂದ ಸಾಯುತ್ತಿದ್ದಾರಲ್ಲ ಅಂತ ಪೋಪ್ ಆರನೇ ಕ್ಲೆಮೆಂಟ್ ಆ ವರ್ಷವೇ ಬರೆದು ಸಾರಿದರು. ಜನ ಕೇಳಲಿಲ್ಲ. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ನೂರಾರು ಯೆಹೂದ್ಯರನ್ನು ಸುಟ್ಟರು. ಸುಟ್ಟವರು ದೀಕ್ಷಾಸ್ನಾನ ಆದವರು, ಅದೇ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದವರು.

ಅದೆಲ್ಲ ಹಳೇ ಕಾಲ ಅನ್ನಬೇಡಿ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳ ಅನ್ನುವ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದ ಒಬ್ಬ ಯುವಕನನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಗಿ ಒಬ್ಬ ಎಂಜಿನಿಯರ್ ಜೀವ ಹೋಯಿತು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದು ಅಂತ ವಾಟ್ಸ್ಆ್ಯಪ್‌ನವರು ಭಾರತದಲ್ಲಿ ಮಿತಿ ಹಾಕಿದ್ದೂ ಅದೇ ಜುಲೈನಲ್ಲಿ. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲೇ ಮತಾಂತರದ ಆರೋಪ ಹೊರಿಸಿ ಕ್ರೈಸ್ತ ಪುಸ್ತಕಗಳಿಗೆ ಬೆಂಕಿ ಹಚ್ಚಿದರು. ಆಗ ನಮಗೆ ಎಷ್ಟು ಸಂಕಟವಾಯಿತು! ನಮ್ಮನ್ನೊಂದು ಮಾತು ಕೇಳದೆ ತೀರ್ಮಾನ ಮಾಡಿದರಲ್ಲ ಅಂತ ಅತ್ತೆವು. ಹಾಗಾದರೆ ಪಕ್ಕದ ಬೀದಿಯ ಮುಸ್ಲಿಮರ ಬಗ್ಗೆ, ಬೇರೆ ಜಾತಿಯವರ ಬಗ್ಗೆ, ಇನ್ನೊಂದು ಸಭೆಯ ಪಾಸ್ಟರ್ ಬಗ್ಗೆ ಬಂದ ಫಾರ್ವರ್ಡನ್ನು ಕೇಳದೆ ನೋಡದೆ ನಾವು ಹೇಗೆ ಮುಂದೆ ಕಳಿಸುತ್ತೇವೆ?

ಹಿರಿಯರೇ, ಇನ್ನು ಮೂಗರ್ಜಿಯ ವಿಷಯ. ಸಮಿತಿ ಚುನಾವಣೆ ಹತ್ತಿರ ಬಂದರೆ ಸಾಕು, ಮೇಲಿನವರಿಗೆ ಹೆಸರಿಲ್ಲದ ಕಾಗದ ಹೋಗುತ್ತದೆ. ಅದರ ಜೆರಾಕ್ಸ್ ಪ್ರತಿಗಳು ಕಾಗದಕ್ಕಿಂತ ಮುಂಚೆ ಊರು ಸುತ್ತಿರುತ್ತವೆ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಅಂತ ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ. ದುಡ್ಡಿನ ವಿಷಯ, ಅಧಿಕಾರದ ವಿಷಯ ಎತ್ತುವವರು ಸಹಿ ಹಾಕಲಿ, ಎದುರಿಗೆ ಕೂತು ಹೇಳಲಿ. ಮತ್ತಾಯ 18ರಲ್ಲಿ ಯೇಸುಸ್ವಾಮಿ ತೋರಿಸಿದ ದಾರಿಯೂ ಅದೇ. ಮೊದಲು ಅವನೊಬ್ಬನನ್ನೇ ಕಂಡು ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ನಾವು ಸಭೆಗೆ, ಊರಿಗೆ, ರೈಲಿಗೆ ಎಲ್ಲಾ ಹೇಳಿ, ಕೊನೆಗೆ ಆ ಮನುಷ್ಯನಿಗೆ ಹೇಳುತ್ತೇವೆ. ಎಷ್ಟೋ ಸಲ ಹೇಳುವುದೂ ಇಲ್ಲ.

ಆದರೆ ನನ್ನ ಈ ಮಾತನ್ನು ಯಾರೂ ತಿರುಚಬಾರದು. ಮಗುವಿನ ಮೇಲೆ ಯಾರಾದರೂ ಕೈ ಹಾಕಿದ್ದಾರೆ ಅಂತ ಗೊತ್ತಾದರೆ ಅದು ಚಾಡಿಯಲ್ಲ. ಅಲ್ಲಿ ಮತ್ತಾಯ 18 ಓದಿ ಮಗುವನ್ನು ಆ ಮನುಷ್ಯನ ಎದುರು ಒಂಟಿಯಾಗಿ ಕಳಿಸುವುದು ಮಹಾಪಾಪ. 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಒಂದು ಅಪರಾಧ. ಮಕ್ಕಳ ಸಹಾಯವಾಣಿ 1098 ಇದೆ. ಹಾಗೇ ಒಬ್ಬ ಹೆಣ್ಣುಮಗಳು ಭಯದಿಂದ ಹೆಸರು ಹೇಳದೆ ಕಷ್ಟ ತೋಡಿಕೊಂಡರೆ ಅದನ್ನು ಮೂಗರ್ಜಿ ಅಂತ ಹರಿದು ಎಸೆಯಬೇಡಿ. 'ಸಭೆಯ ಮರ್ಯಾದೆ' ಅಂತ ನಿಜವನ್ನು ಮುಚ್ಚಿಡುವುದೂ ಸುಳ್ಳುಸಾಕ್ಷಿಯೇ. ಈ ಪತ್ರವನ್ನು ಹಿಡಿದು ನೊಂದವರ ಬಾಯಿ ಮುಚ್ಚಿಸಲು ಹೊರಟರೆ ನಾನು ನೊಂದವರ ಕಡೆ ನಿಲ್ಲುತ್ತೇನೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಎರಡೂ ಆಗಬಹುದು. ಸಮುದಾಯ ಸೇವೆಯ ಶಿಕ್ಷೆಯೂ ಇದೆ. ಆ ಅಕ್ಕ ಕೋರ್ಟಿಗೆ ಹೋಗಬಹುದಿತ್ತು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದೇ ಸೋಲು ಅಂತ ಪೌಲ ಕೊರಿಂಥದವರಿಗೆ ಬರೆದಿದ್ದನ್ನು ನೆನೆದು ಹೋಗಲಿಲ್ಲ. ಆ ಮಾತಿಗೆ ಮುಂಚೆ ಪೌಲ ಇನ್ನೊಂದು ಕೇಳಿದ್ದಾನೆ: ಸಹೋದರರ ನಡುವೆ ನ್ಯಾಯ ತೀರಿಸುವಷ್ಟು ಬುದ್ಧಿ ಇರುವವನು ನಿಮ್ಮಲ್ಲಿ ಒಬ್ಬನೂ ಇಲ್ಲವಾ? ಆ ಅಕ್ಕ ತನ್ನ ಪಾಲಿನದನ್ನು ಮಾಡಿದ್ದಾರೆ. ನಾವು ನಮ್ಮದನ್ನು ಮಾಡಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಯಾರಾದರೂ ಒಬ್ಬರ ಮೇಲೆ ಮಾತು ತಂದರೆ, 'ಬನ್ನಿ, ಅವರ ಮನೆಗೇ ಹೋಗೋಣ, ಅಲ್ಲೇ ಹೇಳಿ' ಅನ್ನಿ. ಒಂದು ಸಲ ಹಾಗೆ ಅಂದು ನೋಡಿ, ಎಷ್ಟು ಜನ ಎದ್ದು ಬರುತ್ತಾರೆ ಅಂತ. ಒಬ್ಬರ ಹೆಸರು ಹಿಡಿದು ಪ್ರಾರ್ಥನೆ ಕೇಳುವ ಮೊದಲು ಅವರ ಒಪ್ಪಿಗೆ ತೆಗೆದುಕೊಳ್ಳಿ. ಯಾವ ಜಾಗದಲ್ಲಿ ಸುಳ್ಳು ಹರಡಿತೋ ಅದೇ ಜಾಗದಲ್ಲಿ ನಿಜ ಹೇಳಿ. ಮೈಕಿನ ಎದುರು ಹರಡಿದ್ದಕ್ಕೆ ಮೈಕಿನಲ್ಲೇ ಹೇಳಿ, ಗುಂಪಿನಲ್ಲಿ ಹರಡಿದ್ದಕ್ಕೆ ಅದೇ ಗುಂಪಿನಲ್ಲಿ ಬರೆಯಿರಿ. ಕರ್ತನ ಭೋಜನಕ್ಕೆ ಮೊದಲು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಸಹೋದರನ ಹತ್ತಿರ ಹೋಗು ಅಂತ ಯೇಸುಸ್ವಾಮಿ ಹೇಳಿದ ಮಾತನ್ನು ಓದಿ. ಓದಿ, ನಿಜವಾಗಿ ಎದ್ದು ಹೋಗಲಿಕ್ಕೆ ಜನರಿಗೆ ಸಮಯ ಕೊಡಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಕೂಗಿದ ಮೊತ್ತ ಎಷ್ಟು, ಬಂದ ಮೊತ್ತ ಎಷ್ಟು, ಬಾಕಿ ಎಷ್ಟು ಅಂತ ನೋಟಿಸ್ ಬೋರ್ಡಿಗೆ ಹಾಕಿ. ಇದಕ್ಕೆ ಒಂದು ಹಾಳೆ ಸಾಕು.

ಹೆಸರಿಲ್ಲದ ಕಾಗದದ ಬಗ್ಗೆ ಇಷ್ಟು ಬರೆದು ಇಲ್ಲಿ ನನ್ನ ಹೆಸರು ಹಾಕಿಲ್ಲ ಯಾಕೆ ಅಂತ ನೀವು ಕೇಳಬಹುದು. ಹಾಕಿದರೆ ಆ ಅಕ್ಕ ಯಾರು ಅಂತ ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಮತ್ತೆ ಅವರನ್ನೇ ಎಳೆದು ತಂದ ಹಾಗಾಗುತ್ತದೆ. ಇದೇ ಪತ್ರಕ್ಕೆ ಹೆಸರು, ವಿಳಾಸ, ಸಹಿ ಹಾಕಿ ಆ ಸಭೆಯ ಸಮಿತಿಗೆ ಕೊಟ್ಟಿದ್ದೇನೆ. ಮುಂದಿನ ಮೀಟಿಂಗಿಗೆ ಕರೆಯಿರಿ, ಎದುರಿಗೆ ಕೂತು ಎಲ್ಲವನ್ನೂ ಹೇಳುತ್ತೇನೆ. ಆ ಮೀಟಿಂಗಿಗೆ ಬಾಕಿ ಪುಸ್ತಕವನ್ನೂ ತನ್ನಿ.

ಇಂತಿ,
ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಕೋಲಾರ